ಗುಂಡಿ ತಿರುಗದ ರೇಡಿಯೊ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ಹದಿನೈದು ದಿನಗಳಾದವು. ದೂರದ ಹಳ್ಳಿಗಳಿಗೆಂದು ಕ್ರೈಸ್ತ ಮಿಷನರಿಗಳು ನಡೆಸಿದ ಬಾನುಲಿಯಲ್ಲಿ ಮತಪ್ರಚಾರವಲ್ಲದೆ ಬೇರೇನಿತ್ತು ಎಂದು ನೀನು ಕೇಳಿದ್ದೆ. ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ, ಅದಕ್ಕೇ ತಡವಾಯಿತು. ಸುವಾರ್ತೆ ಸಾರುವುದೇ ತಮ್ಮ ಉದ್ದೇಶವೆಂಬುದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಅಷ್ಟು ದೂರದಿಂದ ಹಳ್ಳಿಗೆ ಮಾತು ಕಳುಹಿಸಿದವರು ಹಳ್ಳಿಯ ಮಾತಿಗೂ ಕಿವಿಗೊಟ್ಟರೇ?

ಈಕ್ವೆಡಾರ್ ದೇಶದ ಕೀಟೊ ನಗರದಲ್ಲಿ 1931ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷನರಿ ಕ್ಲಾರೆನ್ಸ್ ಜೋನ್ಸ್ ಮತ್ತು ಅವರ ಸಂಗಡಿಗರು ಎಚ್‌ಸಿಜೆಬಿ ಎಂಬ ತಮ್ಮ ರೇಡಿಯೊ ಕೇಂದ್ರದಿಂದ ಮೊದಲ ಪ್ರಸಾರ ಮಾಡಿದಾಗ, ಆ ದೇಶದಲ್ಲಿದ್ದ ರೇಡಿಯೊಗಳನ್ನು ಬೆರಳೆಣಿಸಿ ಹೇಳಬಹುದಿತ್ತು. ಕೇಳುವವರೇ ಇಲ್ಲದ ಕಡೆ ಟ್ರಾನ್ಸ್‌ಮಿಟರ್ ನಿಲ್ಲಿಸಲು ಎಷ್ಟು ನಂಬಿಕೆ ಬೇಕೆಂದು ಯೋಚಿಸು. ಕೀಟೊ ಇರುವುದು ಸುಮಾರು 2,850 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿ ತೆಳು. ಹಾಗಾಗಿ ಹೆಚ್ಚಿನ ಶಕ್ತಿಯಲ್ಲಿ ಪ್ರಸಾರ ಮಾಡುವಾಗ ಆಂಟೆನಾ ಸರಳುಗಳ ತುದಿಯಿಂದ ವಿದ್ಯುತ್ತು ಕಿಡಿಕಿಡಿಯಾಗಿ ಹೊರಚಿಮ್ಮುತ್ತಿತ್ತು, ಅಲ್ಯೂಮಿನಿಯಂ ಕರಗಿ ಹೋಗುತ್ತಿತ್ತು. ಕೇಂದ್ರದ ಎಂಜಿನಿಯರ್ ಕ್ಲಾರೆನ್ಸ್ ಮೂರ್ 1940ರ ದಶಕದ ಆರಂಭದಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ತುದಿಯಿದ್ದರೆ ತಾನೆ ತುದಿ ಕರಗುವುದು? ತಂತಿಯನ್ನು ಚೌಕಾಕಾರವಾಗಿ ಸುತ್ತಿ, ಕೊನೆಯೇ ಇಲ್ಲದಂತೆ ಆಂಟೆನಾ ಕಟ್ಟಿದರು. ಹವ್ಯಾಸಿ ರೇಡಿಯೊದವರು ಇಂದಿಗೂ 'ಕ್ವಾಡ್' ಎಂದು ಕರೆದು ಬಳಸುವ ಆಂಟೆನಾ ಹುಟ್ಟಿದ್ದು ಹೀಗೆ, ಒಂದು ಮಿಷನ್ ಕೇಂದ್ರದ ಅಂಗಳದಲ್ಲಿ. ಇದನ್ನು ಓದಿದಂದಿನಿಂದ ಆ ಜನರ ಬಗ್ಗೆ ನನಗೆ ಗೌರವ ಹೆಚ್ಚಾಗಿದೆ.

ಅವರು ಶಾರ್ಟ್‌ವೇವ್ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ರಸ್ತೆಯಿಲ್ಲದ, ಅಂಚೆ ತಲುಪದ, ಕರೆಂಟು ಕಾಣದ ಊರಿಗೂ ಆ ಅಲೆಗಳು ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ ಬಾಗಿ ಬಂದು ಇಳಿಯುತ್ತವೆ. ದನಿ ಒಮ್ಮೆ ಉಬ್ಬಿ ಬರುತ್ತದೆ, ಒಮ್ಮೆ ಕುಗ್ಗಿ ಗೊರಗೊರ ಸದ್ದಿನಲ್ಲಿ ಮುಳುಗಿ ಹೋಗುತ್ತದೆ. ಕಿವಿಯನ್ನು ಪೆಟ್ಟಿಗೆಗೆ ಆನಿಸಿ ಕೂತವರಿಗಷ್ಟೇ ಮಾತು ಪೂರ್ತಿ ದಕ್ಕುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ಭಾಷೆ. ಆಂಡೀಸ್ ಬೆಟ್ಟಗಳ ಕಿಚ್ವಾ ಜನರಿಗೆ ಕಚೇರಿ, ಶಾಲೆ, ಮಾರುಕಟ್ಟೆಗಳಲ್ಲೆಲ್ಲ ಸ್ಪ್ಯಾನಿಷ್ ಭಾಷೆಯ ದರ್ಪವೇ ಎದುರಾಗುತ್ತಿದ್ದ ಕಾಲದಲ್ಲಿ, ಅವರ ಮನೆಮಾತು ರೇಡಿಯೊದಿಂದ ಕೇಳಿಬಂದಾಗ ಏನನ್ನಿಸಿರಬೇಡ! ಮತದ ಮಾತು ಒಪ್ಪಿದವರಿಗೂ ಒಪ್ಪದವರಿಗೂ ತಮ್ಮ ನುಡಿ ಕಿವಿಗೆ ಬಿದ್ದದ್ದಂತೂ ನಿಜ.

ಇನ್ನು ನನಗೆ ಒಗ್ಗದ ಸಂಗತಿಗೆ ಬರುತ್ತೇನೆ. 1948ರ ಜೂನ್‌ನಲ್ಲಿ ಮನಿಲಾದಿಂದ ಪ್ರಸಾರ ಆರಂಭಿಸಿದ ಫಾರ್ ಈಸ್ಟ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಮಿಷನ್ ಸಂಸ್ಥೆ, ಫಿಲಿಪೀನ್ಸಿನ ಹಳ್ಳಿಗಳಿಗೆ ರೇಡಿಯೊ ಪೆಟ್ಟಿಗೆಗಳನ್ನೂ ಹಂಚಿತು. 'ಪೋರ್ಟಬಲ್ ಮಿಷನರಿ' ಎಂದು ಹೆಸರು ಪಡೆದ ಆ ಪೆಟ್ಟಿಗೆಗಳಲ್ಲಿ ಕೇಳಿಬರುತ್ತಿದ್ದುದು ಅದೊಂದೇ ಕೇಂದ್ರ. ಅಂಥದೇ ಜಾತಿಯ, ಈಚಿನ ಕಾಲದ ಪೆಟ್ಟಿಗೆಯೊಂದನ್ನು ನಾನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಂಗೈಯಗಲದ ಸೌರಫಲಕ, ಹಚ್ಚಲು ಮತ್ತು ದನಿ ಏರಿಸಲು ಒಂದೇ ಗುಂಡಿ. ಕೇಂದ್ರ ಬದಲಿಸುವ ಗುಂಡಿ ಇರಬೇಕಾದಲ್ಲಿ ನುಣ್ಣನೆಯ ಪ್ಲಾಸ್ಟಿಕ್ ಮಾತ್ರ. ನನ್ನ ಹೆಬ್ಬೆರಳು ತಾನಾಗಿ ಅಲ್ಲಿ ಗುಂಡಿಗಾಗಿ ತಡಕಾಡಿತು. ಗುಂಡಿಯಿಲ್ಲದಿದ್ದರೆ ಕೆಡುವುದು ಕಡಿಮೆ, ಖರ್ಚು ಕಡಿಮೆ ಎಂಬ ವಾದವನ್ನು ನಾನು ಬಲ್ಲೆ, ಅದು ಸುಳ್ಳೂ ಅಲ್ಲ. ಆದರೂ ಬೇರೆ ದನಿ ಕೇಳುವ ದಾರಿ ಮುಚ್ಚಿದ ಕಾಣಿಕೆಯನ್ನು ಪೂರ್ಣ ಕಾಣಿಕೆ ಎನ್ನಲು ನನಗಾಗದು.

ಹೀಗಿದ್ದೂ ನಾನು ಈ ಪತ್ರ ಬರೆಯಲು ನಿಜವಾದ ಕಾರಣ ಕೊಲಂಬಿಯಾದ ಸುತತೆನ್ಸಾ. 1947ರಲ್ಲಿ ಆ ಬೆಟ್ಟದೂರಿನ ಚರ್ಚಿಗೆ ಸಹಾಯಕ ಪಾದ್ರಿಯಾಗಿ ಬಂದ ಹೊಸೆ ಹೊವಾಕಿನ್ ಸಾಲ್ಸೆದೊ ಇನ್ನೂ ತರುಣ. ಸುತ್ತಲಿನ ರೈತರಲ್ಲಿ ಬಹುಪಾಲು ಜನರಿಗೆ ಓದು ಬರಹ ಬರುತ್ತಿರಲಿಲ್ಲ. ಆತ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಹೂಡಿ, ಗುಡ್ಡಗಳಲ್ಲಿ ಚದುರಿದ ಮನೆಗಳಿಗೆ ರೇಡಿಯೊ ಮುಟ್ಟಿಸಿ, ಅಡುಗೆಮನೆಗಳನ್ನೇ ಶಾಲೆಯಾಗಿಸಿದ. ಪ್ರತಿ ಗುಂಪಿನಲ್ಲೂ ಅಕ್ಷರ ಬಲ್ಲ ನೆರೆಯವನೊಬ್ಬನಿರುತ್ತಿದ್ದ. ರೇಡಿಯೊದ ಮೇಷ್ಟ್ರು ಹೇಳಿದ ಅಕ್ಷರವನ್ನು ಅವನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದ, ಹೊಲದಿಂದ ದಣಿದು ಬಂದವರು ಅದನ್ನು ನೋಡಿ ತಿದ್ದುತ್ತಿದ್ದರು. ಆರೋಗ್ಯ, ಅಕ್ಷರ, ಲೆಕ್ಕ, ದುಡಿಮೆ, ಅಧ್ಯಾತ್ಮ ಈ ಐದೂ ಪಾಠದಲ್ಲಿದ್ದವು. ಇಲ್ಲಿಯ ಪೆಟ್ಟಿಗೆಗಳೂ ಸುತತೆನ್ಸಾ ಕೇಂದ್ರವೊಂದಕ್ಕೇ ಕಟ್ಟುಬಿದ್ದವು ಎಂಬುದನ್ನು ನಿನ್ನಿಂದ ಮರೆಮಾಚಲಾರೆ.

ಆದರೆ ಇಲ್ಲಿ ಇನ್ನೊಂದು ದಾರಿ ತೆರೆದಿತ್ತು. ಅಕ್ಷರ ಕಲಿತವರು ಮೊದಲು ಮಾಡಿದ ಕೆಲಸಗಳಲ್ಲೊಂದು, ಕೇಂದ್ರಕ್ಕೇ ಕಾಗದ ಬರೆದದ್ದು. ಬೆಳೆಯ ರೋಗ, ಮಗುವಿನ ಕಾಯಿಲೆ, ಮನೆಯ ಸಂಕಟ, ಪಾಠದ ಬಗೆಗಿನ ಅನುಮಾನ, ಎಲ್ಲವೂ ಅವುಗಳಲ್ಲಿದ್ದವು. ಆ ಕಾಗದಗಳಿಗೆ ಉತ್ತರ ಬರೆಯುವುದೂ ಕೇಂದ್ರದ ಕೆಲಸವೇ ಆಗಿತ್ತು. ಪ್ರಸಾರ ನಿಂತು ದಶಕಗಳೇ ಕಳೆದರೂ ಆ ಪತ್ರಗಳ ರಾಶಿ ಬೊಗೊಟಾದ ಲೂಯಿಸ್ ಆಂಹೆಲ್ ಅರಾಂಗೊ ಗ್ರಂಥಾಲಯದಲ್ಲಿ ಜೋಪಾನವಾಗಿದೆ, 2013ರಲ್ಲಿ ಯುನೆಸ್ಕೊದ 'ವಿಶ್ವದ ಸ್ಮೃತಿ' ಪ್ರಾದೇಶಿಕ ಪಟ್ಟಿಗೂ ಸೇರಿದೆ. ಪ್ರವಚನಗಳ ಧ್ವನಿಮುದ್ರಿಕೆಗಿಂತ ಆ ಸೊಟ್ಟಸೊಟ್ಟ ಅಕ್ಷರಗಳೇ ನನಗೆ ದೊಡ್ಡ ಆಸ್ತಿಯಾಗಿ ಕಾಣುತ್ತವೆ.

ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಲೂಥರನ್ ಕ್ರೈಸ್ತ ಸಭೆಗಳ ಒಕ್ಕೂಟ 1963ರಲ್ಲಿ ಆರಂಭಿಸಿದ ಕೇಂದ್ರವೂ ಧರ್ಮಕ್ಕೆ ಶೇ. 30 ಸಮಯವಿಟ್ಟು, ಉಳಿದ 70ನ್ನು ಸುದ್ದಿ, ಶಿಕ್ಷಣ, ಆರೋಗ್ಯಕ್ಕೆ ಕೊಡುವ ನೀತಿ ಇಟ್ಟುಕೊಂಡಿತ್ತು. 1977ರಲ್ಲಿ ಅಲ್ಲಿನ ಸೈನಿಕ ಸರಕಾರ ಅದನ್ನು ವಶಪಡಿಸಿಕೊಂಡಿತು. ಕೀಟೊ ಬಳಿಯ ಪೀಫೊದಲ್ಲಿದ್ದ ಎಚ್‌ಸಿಜೆಬಿಯ ಶಾರ್ಟ್‌ವೇವ್ ಗೋಪುರಗಳು ಹೊಸ ವಿಮಾನ ನಿಲ್ದಾಣಕ್ಕೆ ದಾರಿ ಬಿಟ್ಟು 2009ರಲ್ಲಿ ಮೌನವಾದವು.

ನಿನ್ನ ಅಟ್ಟದ ಮೇಲಿನ ಹಳೆಯ ಶಾರ್ಟ್‌ವೇವ್ ರೇಡಿಯೊ ಇನ್ನೂ ಹಾಳಾಗಿರದಿದ್ದರೆ, ಒಂದು ಸಂಜೆ ಕತ್ತಲಾದ ಮೇಲೆ ಅದನ್ನು ಕಿಟಕಿಯ ಬಳಿ ಇಟ್ಟು ಗುಂಡಿಯನ್ನು ನಿಧಾನವಾಗಿ ತಿರುಗಿಸು. ನಿನಗೆ ತಿಳಿಯದ ಭಾಷೆಯಲ್ಲಿ ಯಾರೋ ಪ್ರಾರ್ಥಿಸುತ್ತಿರಬಹುದು, ಯಾರೋ ಹಾಡುತ್ತಿರಬಹುದು. ಏನು ಕೇಳಿಸಿತೆಂದು ಬರೆ.

ನಿನ್ನ ಪ್ರೀತಿಯ,
ಗೆಳೆಯ