ನೂರರಲ್ಲಿ ಎಷ್ಟು ಸಲ

ಕಲಬುರಗಿ

ಚಿ. ಗೌರಿಗೆ ಕಾಕಾನ ಆಶೀರ್ವಾದ.

ಮನೆ ಸುದ್ದಿ ನಿಮ್ಮವ್ವ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದು ಬಿಡು. ನಿನ್ನ ಪತ್ರದ ಒಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ‘ಅವೇ ಎರಡು ಲೋಟ ಸಕ್ಕರೆ ನೀರು. ಬೆಳಿಗ್ಗೆ ಇದು ಸಿಹಿ ಅಂದೆ, ಸಂಜೆ ಅದು ಸಿಹಿ ಅಂದೆ. ನನ್ನ ನಾಲಿಗೆಯನ್ನು ನಾನೇ ನಂಬದಿದ್ದರೆ ಈ ಓದು ಯಾಕೆ ಕಾಕಾ?’

ಯಾಕವ್ವ ಹೀಗೆ ಬರೆದೆ?

ರುಚಿ, ತೂಕದ ವ್ಯತ್ಯಾಸ ನಮಗೆ ಹೇಗೆ ಗೊತ್ತಾಗುತ್ತದೆ ಅಂತ ನಿನ್ನ ಓದಿನ ಹಾಳೆ ಕಳಿಸಿದ್ದೆಯಲ್ಲ, ಎಲ್ಲ ಓದಿದೆ. ವೇಬರ್ ಅನ್ನುವ ಜರ್ಮನ್ ವಿಜ್ಞಾನಿ ಹೇಳಿದ ತೂಕದ ಮಾತು ಬೇಗ ಹಿಡಿಸಿತು. 1 ಕಿಲೋ ಮೇಲೆ 20 ಗ್ರಾಂ ಹೆಚ್ಚಾದರೆ ಕೈಗೆ ಗೊತ್ತಾಗುತ್ತದೆ ಅಂತಿಟ್ಟುಕೋ, 2 ಕಿಲೋ ಮೇಲೆ 40 ಬೇಕು. ನಮ್ಮ ಗಂಜಿನ ಹಮಾಲರನ್ನು ಕೇಳಿದ್ದರೂ ಹೇಳುತ್ತಿದ್ದರು. ಆದರೆ ಅಮೆರಿಕದ ಮನಶ್ಶಾಸ್ತ್ರಜ್ಞ ಥರ್ಸ್ಟನ್ 1927ರಲ್ಲಿ ಬರೆದದ್ದು ನಿನಗೇ ಉತ್ತರ ಅಲ್ವಾ? ಒಂದೇ ವಸ್ತು ಪ್ರತಿ ಸಲ ಒಂದೇ ತರ ತಾಗುವುದಿಲ್ಲ. ಒಮ್ಮೆ ತುಸು ಜಾಸ್ತಿ, ಒಮ್ಮೆ ತುಸು ಕಮ್ಮಿ. ಎರಡು ರುಚಿ ಹತ್ತಿರ ಇದ್ದರೆ, ಕಮ್ಮಿ ಸಿಹಿಯದೇ ಒಮ್ಮೊಮ್ಮೆ ಮುಂದೆ ಹೋಗಿಬಿಡುತ್ತದೆ. ನೂರಕ್ಕೆ 75 ಸಲ ಸರಿ ಹೇಳಿದರೆ ಅವೆರಡರ ನಡುವಿನ ಅಂತರ ಲೆಕ್ಕ ಹಾಕಬಹುದು. ನೂರಕ್ಕೆ ನೂರೂ ಸರಿಯಾದರೆ ಬೇರೆ ಅಂತಷ್ಟೇ ಗೊತ್ತು, ಎಷ್ಟು ಬೇರೆ ಅಂತ ತಿಳಿಯದು. ನಿನ್ನ ಉತ್ತರ ಹೊಯ್ದಾಡಿದ್ದಕ್ಕೇ ಲೆಕ್ಕಕ್ಕೆ ಹಿಡಿ ಸಿಕ್ಕಿತು. ಅದಕ್ಕೇ ಹೆದರಿದೆಯಲ್ಲ!

ನಾನು ದಾಲ್‌ಮಿಲ್ಲಿನಲ್ಲಿದ್ದಾಗ ತೊಗರಿ ಕಾಳು ಹಲ್ಲಿಗೆ ಕಚ್ಚಿ ಹಸಿ ಎಷ್ಟಿದೆ ಹೇಳಬೇಕಿತ್ತು. ಕಟ್ ಅಂತ ಒಡೆದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಹಸಿ. ನಡುವಿನವೇ ಜಾಸ್ತಿ. ಒಂದು ದಿನ ಮಾಲಕರು ಸುಮ್ನೆ ಅದೇ ಚೀಲದ ಕಾಳು ಎರಡು ಸಲ ಕೊಟ್ಟರು. ಎರಡು ತರ ಹೇಳಿದೆ. ‘ಇವನ ಬಾಯಿಗೆ ಗ್ಯಾರಂಟಿ ಇಲ್ಲ’ ಅಂತ ಎಲ್ಲರೆದುರು ನಕ್ಕರು. ಅಲ್ಲಿಂದ ಮುಂದೆ ಅನುಮಾನ ಬಂದದ್ದಕ್ಕೆಲ್ಲ ಹಸಿ ಅನ್ನತೊಡಗಿದೆ. ಹಲ್ಲು ಅದೇ, ವಾಲಿದ್ದು ಮನಸ್ಸು. ಎಷ್ಟು ರೈತರ ಮಾಲಿಗೆ ರೇಟು ಇಳಿಯಿತೋ. ಈ ವಾಲುವುದನ್ನೂ ಗುರುತಿಸುವ ಶಕ್ತಿಯನ್ನೂ ಬೇರೆ ಮಾಡಿ ಅಳೆಯಬಹುದು ಅಂತ ಟ್ಯಾನರ್, ಸ್ವೆಟ್ಸ್ ಅನ್ನುವ ಇಬ್ಬರು ಸಂಶೋಧಕರು 1954ರಲ್ಲೇ ತೋರಿಸಿದ್ದರಂತೆ. ನನಗೆ ಯಾರು ಹೇಳಬೇಕು? ಕೆಲಸವನ್ನೇ ಬಿಟ್ಟುಬಂದೆ.

ಅದಕ್ಕೇ ನಿನ್ನ ಆ ಸಾಲು ಓದಿ ನಿದ್ದೆ ಬರಲಿಲ್ಲ. ಹೆದರಬೇಡ ಅಂದರೆ ಹೆದರಿಕೆ ಹೋಗುವುದಿಲ್ಲ, ಗೊತ್ತು. ನಿನಗೆ ತಿಳಿದದ್ದನ್ನೇ ಹೇಳುತ್ತಿದ್ದೇನೇನೋ, ಆದರೂ ನಡುನಡುವೆ ಬಾಯಿ ಮುಕ್ಕಳಿಸು. ಮೊದಲು ಕುಡಿದ ಲೋಟ ಯಾವುದು ಅಂತ ಬರೆದಿಡು. ಬರೇ ಎರಡು ಸಲಕ್ಕೇ ನಿನ್ನನ್ನು ನೀನೇ ಫೇಲ್ ಮಾಡಿಕೊಂಡಿದ್ದೀಯ. ನೂರು ಸಲ ಆಗಲಿ, ಎಷ್ಟು ಬಂತು ಅಂತ ನನಗೆ ಬರೆ.

ನಿನ್ನ ಕಾಕಾ