ಸಿಗ್‌ವಿನ್‌ನಲ್ಲಿ ‘ಫೋರ್ಕ್’ ಎರರ್ ಬರುತ್ತಿರುವವರಿಗೆ

ರಾಯಚೂರು ಲ್ಯಾಬ್ ಗುಂಪಿನ ಎಲ್ಲರ ಗಮನಕ್ಕೆ.

ವಿಂಡೋಸ್‌ನಲ್ಲಿ ಸಿಗ್‌ವಿನ್ (ಯುನಿಕ್ಸ್ ಮಾದರಿಯ ಕಮಾಂಡುಗಳನ್ನು ವಿಂಡೋಸ್‌ನಲ್ಲಿ ಓಡಿಸಲು ಬಿಡುವ ಸಾಫ್ಟ್‌ವೇರ್) ತೆರೆದು ಏನು ಓಡಿಸಿದರೂ ‘ಫೋರ್ಕ್’ ಎರರ್ ಬಂದರೆ, ದಯವಿಟ್ಟು ಎಲ್ಲ ಅಳಿಸಿ ಹೊಸದಾಗಿ ಹಾಕಬೇಡಿ. ಯುನಿಕ್ಸ್‌ನಲ್ಲಿ ಪ್ರೋಗ್ರಾಂ ತನ್ನದೇ ಪ್ರತಿ ಮಾಡಿಕೊಳ್ಳುವುದೇ ಫೋರ್ಕ್. ವಿಂಡೋಸ್‌ನಲ್ಲಿ ಅದನ್ನು ಸಿಗ್‌ವಿನ್ ಅನುಕರಿಸಬೇಕು. ಆಗ ಪ್ರತಿಯೊಂದು ಡಿಎಲ್‌ಎಲ್ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಫೈಲ್) ಕೂಡ ಮೂಲದಲ್ಲಿದ್ದ ಮೆಮೊರಿ ವಿಳಾಸದಲ್ಲೇ ಕೂರಬೇಕು. ಆ ಜಾಗವನ್ನು ಬೇರೊಂದು ಡಿಎಲ್‌ಎಲ್ (ಎಷ್ಟೋ ಸಲ ಆಂಟಿವೈರಸ್‌ನದು) ಮೊದಲೇ ಹಿಡಿದಿದ್ದರೆ ಫೋರ್ಕ್ ಕೈಕೊಡುತ್ತದೆ.

ಟರ್ಮಿನಲ್‌ಗಳನ್ನೆಲ್ಲ ಮುಚ್ಚಿ. ಹಿನ್ನೆಲೆಯಲ್ಲಿ ಓಡುವ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗಲು ಬಿಡುವ) ಸರ್ವಿಸನ್ನೂ ನಿಲ್ಲಿಸಿ, ಇದನ್ನೇ ಹೆಚ್ಚಿನವರು ಮರೆಯುವುದು. ಸಿಗ್‌ವಿನ್‌ನ ಸೆಟಪ್ ಓಡಿಸಿ, ಏನೂ ಬದಲಿಸದೆ ಕೊನೆಯವರೆಗೆ ನೆಕ್ಸ್ಟ್ ಒತ್ತಿ. ವಿಳಾಸಗಳನ್ನು ಅದೇ ಸರಿಹೊಂದಿಸುತ್ತದೆ. ಆಗಲೂ ಹೋಗದಿದ್ದರೆ ‘ರೀಬೇಸ್-ಟ್ರಿಗರ್ ಫುಲ್’ ಕಮಾಂಡ್ ಕೊಟ್ಟು, ಟರ್ಮಿನಲ್ ಮುಚ್ಚಿ, ಮತ್ತೆ ಸೆಟಪ್ ಓಡಿಸಿ.

ಇನ್‌ಸ್ಟಾಲ್ ನಡುವೆ ಕರೆಂಟ್ ಹೋಗಿತ್ತೇ? ‘ಸಿಗ್‌ಚೆಕ್ -ಸಿ’ ಕೊಡಿ. ‘ಇನ್‌ಕಂಪ್ಲೀಟ್’ ಎಂದು ಬಂದ ಪ್ಯಾಕೇಜುಗಳನ್ನಷ್ಟೇ ಸೆಟಪ್‌ನಲ್ಲಿ ‘ರೀಇನ್‌ಸ್ಟಾಲ್’ ಆರಿಸಿ ಹಾಕಿ.

ನೋಟ್‌ಪ್ಯಾಡ್‌ನಲ್ಲಿ ಬರೆದ ಸ್ಕ್ರಿಪ್ಟ್ ‘ಕಮಾಂಡ್ ನಾಟ್ ಫೌಂಡ್’ ಎಂದರೆ ಅದು ಬೇರೆ ಕಾಯಿಲೆ: ಸಾಲಿನ ಕೊನೆಯ ಗುರುತು ವಿಂಡೋಸ್ ಮಾದರಿಯದು. ‘ಡಾಸ್2ಯುನಿಕ್ಸ್’ ಓಡಿಸಿದರೆ ಸಾಕು.

ವಿಂಡೋಸ್ 7 ಇರುವ ಹಳೆಯ ಯಂತ್ರಗಳಲ್ಲಿ ಸಿಗ್‌ವಿನ್ 3.5 ಮತ್ತು ಅದರ ನಂತರದ್ದು ನಡೆಯುವುದಿಲ್ಲ.

ಸಿಂಧನೂರು, ಲಿಂಗಸೂಗೂರು ಕಡೆ ನೆಟ್ ನಿಧಾನ ಇರುವವರು ಲ್ಯಾಬಿನಲ್ಲಿ ಇಳಿಸಿಟ್ಟ ಪ್ಯಾಕೇಜ್ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಸೆಟಪ್‌ನಲ್ಲಿ ‘ಇನ್‌ಸ್ಟಾಲ್ ಫ್ರಮ್ ಲೋಕಲ್ ಡೈರೆಕ್ಟರಿ’ ಆರಿಸಿಕೊಳ್ಳಿ.