ಹಳೆಯ ಕಂಪ್ಯೂಟರಿಗೆ ಹೊಸ ತಂತ್ರಾಂಶ: ಕನ್ನಡ ಕಡತಗಳ ತೊಡಕು

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಿಸೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಈಚಿನ ಪ್ರೊಸೆಸರೂ ಇರಬೇಕಾದ್ದರಿಂದ, ಹತ್ತು ವರ್ಷಗಳಲ್ಲಿ ಒಮ್ಮೆಯೂ ಕೈಕೊಡದ ನಮ್ಮ ಮನೆಯ ಕಂಪ್ಯೂಟರನ್ನು ಬಿಟ್ಟು ಹೊಸದನ್ನೇ ಕೊಳ್ಳಬೇಕೆಂದು ರಿಪೇರಿ ಅಂಗಡಿಯವರು ಹೇಳಿದರು. ಪಿಂಚಣಿಯಲ್ಲಿ ಬದುಕುವವರಿಗೆ ಅದು ಸಣ್ಣ ಖರ್ಚಲ್ಲ.

ಕೊನೆಗೆ ಮಗಳ ನೆರವಿನಿಂದ, ವಿಂಡೋಸ್ ಬದಲಿಗೆ ಬಳಸಬಹುದಾದ, ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ತಂತ್ರಾಂಶವನ್ನು ಹಾಕಿಕೊಂಡೆ. ಹಾರ್ಡ್‌ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಅದನ್ನು ಚಾಲೂ ಮಾಡಿ, ಪ್ರಿಂಟರ್, ವೈಫೈ, ಸ್ಪೀಕರ್ ಕೆಲಸ ಮಾಡುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಬಹುದು. ಇನ್‌ಸ್ಟಾಲ್ ಮಾಡುವಾಗ ಡಿಸ್ಕನ್ನು ಪೂರ್ತಿ ಅಳಿಸುವ ಆಯ್ಕೆಯೂ ಎದುರಾಗುತ್ತದೆ. ಫೋಟೊ, ಕಾಗದಪತ್ರಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳದೆ ಯಾರೂ ಅದನ್ನು ಒತ್ತಬಾರದು. ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ 'ಕಗಪ' ವಿನ್ಯಾಸವನ್ನು ಕಂಡಾಗ ಆದ ಸಂತೋಷ ಹೇಳತೀರದು. ಅದೇ ವಿನ್ಯಾಸವಿರುವ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯುವುದೇನೂ ಉಳಿದಿರಲಿಲ್ಲ.

ತೊಡಕು ಬಂದದ್ದು ಹಳೆಯ ಕಡತಗಳಲ್ಲಿ. ವರ್ಷಗಳ ಹಿಂದೆ ನುಡಿ ಫಾಂಟ್‌ನಲ್ಲಿ ಬರೆದಿಟ್ಟ ಲೇಖನವೊಂದನ್ನು ತೆರೆದರೆ, ಕನ್ನಡದ ಬದಲು ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಾಲುಗಳೇ ಪರದೆ ತುಂಬಾ ಕಂಡವು. ಆ ಫಾಂಟ್‌ಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವಾದ್ದರಿಂದ, ಫಾಂಟ್ ಇಲ್ಲದ ಕಡೆ ಕನ್ನಡವೇ ಮಾಯವಾಗುತ್ತದೆ. ಜಗತ್ತಿನ ಲಿಪಿಗಳ ಸಾಮಾನ್ಯ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಾದರೆ ನಮ್ಮ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿದೆ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳೇನೋ ಇವೆ. ಆದರೆ ನನ್ನ ಲೇಖನದಲ್ಲಿ ಅರ್ಕಾವತ್ತು ಬಂದ ಕಡೆಯಲ್ಲೆಲ್ಲ ತಪ್ಪಾಗಿ, ಸಾಲು ಸಾಲಾಗಿ ಓದಿ ತಿದ್ದಬೇಕಾಯಿತು.

ಇದಕ್ಕಿಂತ ನೋವು ತಂದದ್ದು, ಯೂನಿಕೋಡ್‌ನಲ್ಲಿ ಬರೆದುಕೊಟ್ಟ ಸ್ಮರಣ ಸಂಚಿಕೆಯ ಬರಹವನ್ನು ನಮ್ಮೂರಿನ ಮುದ್ರಣಾಲಯವೊಂದು ಒಪ್ಪದೇ ಇದ್ದದ್ದು. ಪುಟ ವಿನ್ಯಾಸಕ್ಕೆ ಅವರು ಬಳಸುವ ಹಳೆಯ ಪೇಜ್‌ಮೇಕರ್ ತಂತ್ರಾಂಶಕ್ಕೆ ಯೂನಿಕೋಡ್ ತಿಳಿಯದಂತೆ. ನುಡಿ ಫಾಂಟ್‌ನಲ್ಲೇ ಮತ್ತೆ ಟೈಪ್ ಮಾಡಿಕೊಡಬೇಕಂತೆ. ಹೀಗಾದರೆ ಮನೆಯಲ್ಲಿ ಎಷ್ಟೇ ಒಳ್ಳೆಯ ತಂತ್ರಾಂಶ ಹಾಕಿಕೊಂಡರೂ, ಕನ್ನಡದಲ್ಲಿ ಬರೆಯುವವರು ಹಳೆಯ ಫಾಂಟ್ ಬಿಟ್ಟು ಹೊರಬರುವುದು ಹೇಗೆ?

ಆದ್ದರಿಂದ ಮುದ್ರಣಾಲಯಗಳು, ಡಿಟಿಪಿ ಕೇಂದ್ರಗಳು ಮತ್ತು ಸರ್ಕಾರಿ ಕಚೇರಿಗಳು ಯೂನಿಕೋಡ್ ಕಡತಗಳನ್ನು ಯಾವ ತಕರಾರೂ ಇಲ್ಲದೆ ಸ್ವೀಕರಿಸಬೇಕೆಂದೂ, ಒತ್ತಕ್ಷರ, ಅರ್ಕಾವತ್ತುಗಳನ್ನು ಕೆಡಿಸದ ಪರಿವರ್ತಕವೊಂದನ್ನು ಲಿನಕ್ಸ್‌ನಲ್ಲೂ ನಡೆಯುವಂತೆ ರೂಪಿಸಿ ಸರ್ಕಾರವು ಉಚಿತವಾಗಿ ಒದಗಿಸಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಸಾಗರ